ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಹಗಲು

ನನ್ನ ಊರು ವಿಜಯಪುರ ಜಿಲ್ಲೆಯ ಹೊನವಾಡ. ಹೆಸರಿನಲ್ಲಿಯೇ ಹೊನ್ನು ಇದೆಯೆಂದು ಚಿಕ್ಕಂದಿನಲ್ಲಿ ನಾವು ಹುಡುಗರು ಹೆಮ್ಮೆಪಡುತ್ತಿದ್ದೆವು. ಒಂದು ಬೇಸಿಗೆಯ ರಜೆಯಲ್ಲಿ ನಾಲ್ಕು ಜನ ಸೇರಿ ಹಳ್ಳದ ದಂಡೆಯಲ್ಲಿ ಮೊಣಕಾಲುದ್ದ ಅಗೆದೆವು. ಸಿಕ್ಕಿದ್ದು ಗರಸು, ಸುಣ್ಣದ ಹರಳು, ಮತ್ತು ಸಂಜೆ ಮನೆಯಲ್ಲಿ ಬೈಗುಳ. ಮುಂದೆ ಕನ್ನಡ ಎಂ.ಎ. ಮುಗಿಸಿ, ಸ್ಥಳನಾಮಗಳಿಗೆ ಕಿವಿಗೆ ಹಿತವಾದ ಅರ್ಥವನ್ನು ಹಚ್ಚಬಾರದೆಂದು ವಿದ್ಯಾರ್ಥಿಗಳಿಗೆ ಮೂವತ್ತು ವರ್ಷ ಪಾಠ ಹೇಳಿದ ಮೇಲೂ ಆ ಹೊನ್ನಿನ ಆಸೆ ಮನಸ್ಸಿನ ಒಂದು ಮೂಲೆಯಲ್ಲಿ ಉಳಿದುಕೊಂಡೇ ಇತ್ತು. ನಮ್ಮ ಕಡೆಯದು ಕರಿಯ ಎರೆಭೂಮಿ. ಅದರ ಕೆಳಗಿರುವುದು ಜ್ವಾಲಾಮುಖಿಯ ಕಲ್ಲು. ಜೋಳ, ಕಡಲೆ ಬೆಳೆಯುತ್ತಿದ್ದ ಆ ನೆಲದಲ್ಲಿ ಈಗ ದ್ರಾಕ್ಷಿ ಬೆಳೆಯುತ್ತದೆ. ಚಿನ್ನಕ್ಕೆ ಅಲ್ಲಿ ಎಡೆಯಿಲ್ಲ. ಅದು ಇರುವುದು, ಭೂವಿಜ್ಞಾನಿ ಬ್ರೂಸ್ ಫೂಟರು ನಮ್ಮ ಧಾರವಾಡದ ಹೆಸರನ್ನೇ ಇಟ್ಟ ಇನ್ನೂ ಪುರಾತನವಾದ ಶಿಲೆಗಳ ಪಟ್ಟಿಯಲ್ಲಿ: ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ, ಗದಗಿನ ಕಪ್ಪತಗುಡ್ಡದಲ್ಲಿ, ದೂರದ ಕೋಲಾರದಲ್ಲಿ.

ಹಟ್ಟಿಯನ್ನು ನಾನು ಬಹಳ ಹಿಂದೆಯೇ ನೋಡಿದ್ದೆ. ಅಲ್ಲಿಗೆ ಹೋದದ್ದು ಚಿನ್ನಕ್ಕಾಗಿಯಲ್ಲ, ಹತ್ತಿರದ ಮಸ್ಕಿಯಲ್ಲಿರುವ ಅಶೋಕನ ಶಾಸನಕ್ಕಾಗಿ. ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರನ್ನೂ ಹೇಳುವ ಆ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದಾತ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು. ಚಿನ್ನ ಹುಡುಕುತ್ತ ಹೋದವನಿಗೆ ಅಕ್ಷರ ಸಿಕ್ಕಿತು. ನನ್ನ ಮಟ್ಟಿಗೆ ಇದು ತಿರುಗುಮುರುಗಾಯಿತೆನ್ನಬೇಕು. ಅಕ್ಷರದ ಹಿಂದೆ ಆಯುಷ್ಯ ಕಳೆದ ನಾನು ನಿವೃತ್ತನಾದ ಮೇಲೆ ಚಿನ್ನದ ಊರೊಂದನ್ನು ಹುಡುಕಿಕೊಂಡು ಹೊರಟೆ.

ಹೊರಡಿಸಿದವರು ನನ್ನ ಹಳೆಯ ವಿದ್ಯಾರ್ಥಿ. ನಮ್ಮ ಜಿಲ್ಲೆಯವರೇ, ಕೋಲಾರ ಚಿನ್ನದ ಗಣಿ ಪ್ರದೇಶದ, ಎಲ್ಲರ ಬಾಯಲ್ಲಿ ಕೆ.ಜಿ.ಎಫ್. ಎಂದೇ ಆಗಿರುವ ಊರಿನ ಕಾಲೇಜೊಂದರಲ್ಲಿ ಕನ್ನಡ ಹೇಳುತ್ತಾರೆ. "ಸರ್, ಗೋಲಗುಂಬಜ ನೋಡಿ ನೋಡಿ ನಿಮಗೂ ಸಾಕಾಗಿರಬೇಕು. ಒಮ್ಮೆ ಇಲ್ಲಿಗೆ ಬರ್ರಿ, ನಮ್ಮ ಪೇಟೆ ನೋಡ್ರಿ" ಎಂದು ಎರಡು ವರ್ಷ ಕರೆದರು. 2023ರ ಡಿಸೆಂಬರಿನಲ್ಲಿ ಹೋದೆ. ರಾತ್ರಿ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರು. ಅಲ್ಲಿಂದ ಮಾರಿಕುಪ್ಪಂಗೆ ಹೋಗುವ ಗಾಡಿ. ಬಂಗಾರಪೇಟೆಯಲ್ಲಿ ದೊಡ್ಡ ಹಳಿಯನ್ನು ಬಿಟ್ಟು ಗಾಡಿ ಬಲಕ್ಕೆ ಹೊರಳುತ್ತದೆ. ಈ ಬಂಗಾರಪೇಟೆಯ ಹೆಸರೂ ಕೇಳುವವರನ್ನು ಮೋಸಗೊಳಿಸುವಂಥದು. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ನೆನಪಿಗೆ ಅದು ಬೌರಿಂಗ್‌ಪೇಟೆಯಾಗಿತ್ತು. ಬಂಗಾರ ಆಮೇಲೆ ಬಂದದ್ದು. ಹೊನವಾಡದ ಹುಡುಗನಿಗೆ ಇದು ಒಂದು ಬಗೆಯ ಸಮಾಧಾನ.

ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ನಿಲ್ದಾಣಗಳು ಒಂದರ ಬಾಲಕ್ಕೆ ಒಂದು ಬರುತ್ತವೆ. ಊರಿನ ಹೆಸರೂ ಗಣಿಯ ಹೆಸರೂ ಕಲೆತುಹೋಗಿವೆ. ಬಂಗಾರಪೇಟೆಯಿಂದ ಈ ಕವಲು ಹಳಿಯನ್ನು ಹಾಕಿದ್ದು 1894ರಲ್ಲಿ, ಗಣಿಗೆ ಕಲ್ಲಿದ್ದಲು, ಯಂತ್ರ, ಮನುಷ್ಯರನ್ನು ತರಲಿಕ್ಕೆ. ಈಗ ಅದೇ ಹಳಿಯ ಮೇಲೆ ನಸುಕಿನಲ್ಲಿ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುತ್ತಾರೆ. ನಾನು ಇಳಿದದ್ದು ಹಗಲು ಹೊತ್ತಿನಲ್ಲಿ. ನಿಲ್ದಾಣದಲ್ಲಿ ಮುದುಕರು, ಮಕ್ಕಳು, ಒಂದೆರಡು ಮೇಕೆ ಇವಿಷ್ಟೇ ಕಂಡವು.

ಊರಿನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ, ತಿಳಿದವರು ಮನ್ನಿಸಬೇಕು. ಟೀಪೂ ಸುಲ್ತಾನನ ಪತನದ ಅನಂತರ ಮೈಸೂರಿನ ಗಡಿಯನ್ನು ಅಳೆಯಲು ಬಂದ ವಾರನ್ ಎಂಬ ಲೆಫ್ಟಿನೆಂಟನು ಈ ಭಾಗದ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು 1802ರಲ್ಲಿ ಕಂಡ. ಅವನು ಬರೆದದ್ದು ಎರಡು ವರ್ಷದ ಮೇಲೆ ಅಚ್ಚಾಯಿತು, ಮತ್ತು ಎಪ್ಪತ್ತು ವರ್ಷದಷ್ಟು ಕಾಲ ಕಪಾಟಿನಲ್ಲಿ ಮಲಗಿತು. ಅದನ್ನು ಓದಿ ಎತ್ತಿನ ಗಾಡಿ ಹೂಡಿಸಿಕೊಂಡು ಹೊರಟವನು ಲವೆಲ್ ಎಂಬ ಐರಿಷ್ ಸಿಪಾಯಿ. ನ್ಯೂಜಿಲೆಂಡಿನ ಯುದ್ಧದಲ್ಲಿದ್ದು ಬೆಂಗಳೂರಿನ ದಂಡಿನಲ್ಲಿ ನೆಲೆಸಿದವನು. ಬೆಂಗಳೂರಿನ ಲವೆಲ್ ರಸ್ತೆ ಅವನದೇ ಹೆಸರು. ಮೈಸೂರು ಸರಕಾರದಿಂದ 1875ರಲ್ಲಿ ಪರವಾನಗಿ ಪಡೆದನಾದರೂ ಹಣ ಸಾಲದೆ ಅದನ್ನು ಪರರಿಗೆ ಕೊಟ್ಟ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಕಂಪನಿ ಕೈಹಾಕಿತು. ನಾಲ್ಕಾರು ವರ್ಷ ಬರಿಯ ಕಲ್ಲೇ ದೊರಕಿ, ಪಾಲುದಾರರು ಕೈಬಿಡುವ ಹೊತ್ತಿಗೆ ಪುರಾತನ ಗುಂಡಿಗಳ ಕೆಳಗೆ ಚಾಂಪಿಯನ್ ಎಂಬ ಚಿನ್ನದ ಎಳೆ ಸಿಕ್ಕಿತು. ಅಲ್ಲಿಂದ ಮುಂದೆ 1956ರಲ್ಲಿ ಮೈಸೂರು ರಾಜ್ಯ, 1962ರಲ್ಲಿ ಕೇಂದ್ರ ಸರಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂದು ಒಡೆತನ ಬದಲಾಗುತ್ತ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ ಎಂಟುನೂರು ಟನ್ನಿಗೂ ಮಿಕ್ಕಿ ಚಿನ್ನ ತೆಗೆದರು. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು.

ಇದಿಷ್ಟನ್ನು ಪುಸ್ತಕದಿಂದ ತಿಳಿದುಕೊಂಡೇ ಹೋಗಿದ್ದೆ. ವಿಜಯಪುರದವನ ಕಣ್ಣು ಒಂದು ರೀತಿಯಲ್ಲಿ ಪಳಗಿರುತ್ತದೆ. ಎಲ್ಲಿ ಹೋದರೂ ಕಮಾನು, ಗುಮ್ಮಟ, ನೀಲಿ ಫಲಕ, ಕಬ್ಬಿಣದ ಬೇಲಿ ಹುಡುಕುತ್ತದೆ. ಕೆ.ಜಿ.ಎಫ್.ನಲ್ಲಿಯೂ ನಾನು ಮೊದಲು ಕೇಳಿದ್ದು ಇಂಗ್ಲಿಷರ ಬಂಗಲೆಗಳನ್ನು. ವಿದ್ಯಾರ್ಥಿ ತೋರಿಸಿದರು. ಗುಡ್ಡದ ಓರೆಯಲ್ಲಿ ಕೆಂಪು ಹೆಂಚಿನ ಮಾಡು, ಅಗಲವಾದ ಪಡಸಾಲೆ, ಕಾಡುಬಿದ್ದ ತೋಟ. ಇನ್ನೂ ಬಾಗಿಲು ತೆರೆದಿರುವ ಹಳೆಯ ಕ್ಲಬ್ಬು. ಇಂಗ್ಲೆಂಡಿನ ಹಳ್ಳಿಯೊಂದರಿಂದ ಎತ್ತಿ ತಂದಿಟ್ಟಂತಹ ಚರ್ಚು. "ಚಿಕ್ಕ ಇಂಗ್ಲೆಂಡು" ಎಂದು ಕರೆಯುತ್ತಿದ್ದರಂತೆ. ಕೆಲವು ಬಂಗಲೆಗಳ ಬಾಗಿಲ ಚೌಕಟ್ಟನ್ನೂ ಕಿಟಕಿಯ ಕಂಬಿಯನ್ನೂ ಯಾರೋ ಕಿತ್ತು ಒಯ್ದಿದ್ದರು. ಸಂರಕ್ಷಿತ ಸ್ಮಾರಕವೆಂಬ ಫಲಕ ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ. ನಾನು ನಿಟ್ಟುಸಿರುಬಿಟ್ಟೆ. ಅದನ್ನು ಕಂಡು ವಿದ್ಯಾರ್ಥಿ ನಕ್ಕು, "ಸರ್, ಇದು ಊರಲ್ಲ. ಊರು ಕೆಳಗದ. ಬರ್ರಿ" ಎಂದರು.

ಕೆಳಗಿದ್ದದ್ದು ರಾಬರ್ಟ್‌ಸನ್‌ಪೇಟೆ. ಮೈಸೂರಿನಲ್ಲಿ 1896ರಿಂದ 1903ರ ವರೆಗೆ ರೆಸಿಡೆಂಟರಾಗಿದ್ದ ಡೊನಾಲ್ಡ್ ರಾಬರ್ಟ್‌ಸನ್ನರ ಹೆಸರಿನಲ್ಲಿ ಸರಕಾರ ಕಟ್ಟಿದ ಪೇಟೆ. ಗಣಿಯ ಸೀಮೆಯೊಳಗೆ ಭೂಮಿ ಕಂಪನಿಯದು. ಅಲ್ಲಿ ವ್ಯಾಪಾರಿ ಕಂಪನಿಯ ಮರ್ಜಿಯಲ್ಲಿರಬೇಕು. ಪೇಟೆಯಾದರೋ ಊರಿನದು. ಬೀದಿಗಳು ನೂಲು ಹಿಡಿದು ಎಳೆದಂತೆ ನೇರವಾಗಿವೆ. ಅಡ್ಡರಸ್ತೆಗಳಿಗೆ ಹೆಸರಿಗಿಂತ ಸಂಖ್ಯೆಯೇ ಹೆಚ್ಚು ಬಳಕೆ. ನಮ್ಮ ವಿಜಯಪುರದ ಹಳೆಯ ಓಣಿಗಳಲ್ಲಿ ದಾರಿ ತಪ್ಪಿದವನನ್ನು ಯಾರಾದರೂ ಕೈಹಿಡಿದು ತರಬೇಕು. ಇಲ್ಲಿ ದಾರಿ ತಪ್ಪುವುದೇ ಕಷ್ಟ. ಬೀದಿಯ ಎರಡೂ ಬದಿಗೆ ಕೆಳಗೆ ಅಂಗಡಿ, ಮೇಲೆ ಮನೆ. ಮರದ ಕಟಕಟೆಯ ಪಡಸಾಲೆಗಳು ಅಲ್ಲಲ್ಲಿ ಉಳಿದಿವೆ. ಅದರ ಪಕ್ಕದಲ್ಲಿಯೇ ಗಾಜಿನ ಮುಖದ ಮೊಬೈಲ್ ಅಂಗಡಿ. ಹಳೆಯ ಗಾರೆಯ ಗೋಡೆಯ ಮೇಲೆ ಹೊಸ ಬಣ್ಣ, ಹೊಸ ಬಣ್ಣದ ಮೇಲೆ ಸಿನಿಮಾದ ಭಿತ್ತಿಪತ್ರ. ಈ ಊರಿನ ಹೆಸರಿನದೇ ಆದ ಕನ್ನಡ ಚಿತ್ರ 2018ರಲ್ಲಿ ಬಂದ ಮೇಲೆ ಹೊರಗಿನವರು ಬಂದು ನಾಯಕನ ಅಡ್ಡೆ ಎಲ್ಲಿ ಎಂದು ಕೇಳುತ್ತಾರಂತೆ. ಆಟೋದವರು ಸೈನೈಡ್ ಗುಡ್ಡದ ದಾರಿ ತೋರಿಸುತ್ತಾರೆ. ಕಲ್ಲನ್ನು ಹಿಟ್ಟು ಮಾಡಿ, ಸೈನೈಡಿನ ನೀರಿನಲ್ಲಿ ಚಿನ್ನವನ್ನು ಕರಗಿಸಿಕೊಂಡ ಬಳಿಕ ಉಳಿದ ಬೂದುಬಣ್ಣದ ಪುಡಿಯ ಗುಡ್ಡಗಳವು. ಗಾಳಿಗಾಲದಲ್ಲಿ ಆ ಪುಡಿ ಅಂಗಡಿಯ ಹಣ್ಣಿನ ಮೇಲೂ ಊಟದ ತಟ್ಟೆಯ ಮೇಲೂ ಕೂರುತ್ತದೆ.

ಮಹಾತ್ಮಾ ಗಾಂಧಿ ಮಾರುಕಟ್ಟೆಯೊಳಗೆ ಹೊಕ್ಕೆವು. ಸಾಲಿಗೆ ಸಾಲು ಮಳಿಗೆ, ನಡುವೆ ಇಬ್ಬರು ಸರಿದಾಡುವಷ್ಟು ದಾರಿ. ವೀಳ್ಯದೆಲೆ, ಒಣಮೀನು, ಮಲ್ಲಿಗೆ, ಕ್ರಿಸ್‌ಮಸ್ಸಿನ ಕಾಗದದ ನಕ್ಷತ್ರ, ರಾಗಿ, ಉಡದಾರ, ಮಾರವಾಡಿಯವರ ಗಿರವಿ ಅಂಗಡಿ. ಒಂದೇ ಅಂಗಡಿಯ ಮುಂದೆ ನಿಂತು ಐದು ನಿಮಿಷದಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ ನಾಲ್ಕನ್ನೂ ಕೇಳಿದೆ. ಅಂಗಡಿಯವನು ನಾಲ್ಕರಲ್ಲಿಯೂ ಒಂದೇ ಬೆಲೆ ಹೇಳಿದ. ಬಟ್ಟೆ ವ್ಯಾಪಾರಿಯೊಬ್ಬರು ನಮ್ಮನ್ನು ಕೂರಿಸಿ ಚಹಾ ತರಿಸಿದರು. ಅವರ ಅಜ್ಜ ಹಾಕಿದ ಅಂಗಡಿ. "ಸಂಬಳದ ದಿನ ಈ ಬೀದೀಲಿ ಕಾಲಿಡಕ್ಕೆ ಜಾಗ ಇರ್ತಿರಲಿಲ್ಲ ಸಾರ್. ಗಣಿ ಸೈರನ್ ಕೂಗಿದ್ರೆ ನಮ್ಮ ಬಾಗಿಲು ತೆರೀಬೇಕು. ಗಡಿಯಾರ ಯಾರಿಗೆ ಬೇಕಿತ್ತು?" ಎಂದರು. ಮಾತಿನ ನಡುವೆ ಮೇಲಿನ ಹಲಗೆಯಿಂದ ಉದ್ದನೆಯ ಕೆಂಪು ಲೆಕ್ಕದ ಪುಸ್ತಕವೊಂದನ್ನು ಇಳಿಸಿದರು. ಸಾಲದ ಪುಸ್ತಕ. 2001ರ ಫೆಬ್ರವರಿಯ ಪುಟದಲ್ಲಿ ಹೆಸರುಗಳ ಎದುರಿಗೆ ಸೀರೆ, ಪಂಚೆ, ಶಾಲೆಯ ಅಂಗಿ ಎಂದು ಬರೆದಿತ್ತು. ಅನಂತರದ ಕೆಲವು ಪುಟಗಳಲ್ಲಿ ವಸೂಲಿಯ ಕಲಂ ಬಹುಮಟ್ಟಿಗೆ ಖಾಲಿ. "ಕೇಳೋಕೆ ಹೋಗಲಿಲ್ಲ. ಅವರೂ ಬೇಕಂತ ಬಿಡಲಿಲ್ಲ" ಎಂದು ಪುಸ್ತಕವನ್ನು ಮತ್ತೆ ಮೇಲಿಟ್ಟರು. ಏಕೆ ಎಸೆಯಲಿಲ್ಲವೆಂದು ಕೇಳಬೇಕೆನಿಸಿತು, ಕೇಳಲಿಲ್ಲ.

ನೀವು ಹೊನವಾಡದಿಂದ ವಿಜಯಪುರಕ್ಕೆ ಹೊರಟರೆ ತಿಕೋಟಾ ದಾಟಿದ ಮೇಲೆ ತೊರವಿ ಬರುತ್ತದೆ. ಕನ್ನಡ ಓದಿದವರಿಗೆ ತೊರವೆಯೆಂದರೆ ಕುಮಾರ ವಾಲ್ಮೀಕಿಯ ರಾಮಾಯಣ, ಅವನ ಆರಾಧ್ಯ ನರಸಿಂಹ. ಅಲ್ಲಿಯೇ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು 1599ರಲ್ಲಿ ನವರಸಪುರವೆಂಬ ಹೊಸ ನಗರವನ್ನು ಕಟ್ಟತೊಡಗಿದ. 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ಕಾಲು ಶತಮಾನದ ಊರು. ಇಂದು ಅಲ್ಲಿ ಸಂಗೀತ ಮಹಲಿನ ಮುರುಕು ಕಮಾನಿನ ಕೆಳಗೆ ನಿಂತರೆ ಗಾಳಿಯ ಸದ್ದಷ್ಟೇ ಕೇಳುತ್ತದೆ. ಜನ ಬಿಟ್ಟುಹೋದ ಊರನ್ನು ಕಾಯುವುದು ಸುಲಭ. ಬೇಲಿ ಹಾಕಿ ಬೀಗ ಜಡಿದರಾಯಿತು. ಜನ ಇರುವ ಊರನ್ನು ಹೇಗೆ ಕಾಯುವುದು?

ಈ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸದಲ್ಲ. ಟೇಲರ್ ಕಂಪನಿ ಕೋಲಾರದಲ್ಲಿ ನೆಲ ಅಗೆಯಲು ಆರಂಭಿಸಿದ ಅದೇ ದಶಕದಲ್ಲಿ, 1885ರಲ್ಲಿ, ಬ್ರಿಟಿಷರು ಜಿಲ್ಲೆಯ ಕಚೇರಿಯನ್ನು ಕಲಾದಗಿಯಿಂದ ಬಿಜಾಪುರಕ್ಕೆ ತಂದರು. ಬಾದಶಹರ ಮಹಲುಗಳು ಕಚೇರಿಗಳಾದವು. ಒಂದು ಮಸೀದಿಯಲ್ಲಿ ಅಂಚೆಯ ಮನೆ ನಡೆಯಿತು. ಲಾರ್ಡ್ ಕರ್ಜನ್ ಇದಕ್ಕೆ ಅಸಮಾಧಾನಪಟ್ಟ. 1904ರಲ್ಲಿ ಪ್ರಾಚೀನ ಸ್ಮಾರಕಗಳ ಕಾಯಿದೆ ಬಂತು. ಒಳ್ಳೆಯದೇ ಆಯಿತು, ಅದಿಲ್ಲದಿದ್ದರೆ ಎಷ್ಟೋ ಕಮಾನುಗಳು ಹೊಲದ ಬದುವಿಗೆ ಕಲ್ಲಾಗಿ ಹೋಗುತ್ತಿದ್ದವು. ಆದರೆ ಸ್ಮಾರಕವೆಂದರೆ ಜನರಿಲ್ಲದ ಕಟ್ಟಡ ಎಂಬ ಭಾವನೆ ಅಂದಿನಿಂದ ನಮ್ಮೊಳಗೆ ನಿಂತುಬಿಟ್ಟಿತು. ಅತ್ತ ಕೃಷ್ಣೆಯ ಹಿನ್ನೀರು ಹಳೆಯ ಬಾಗಲಕೋಟೆಯ ಪೇಟೆಯೊಳಗೆ ಬಂದಾಗ, ಆ ಬೀದಿಗಳಲ್ಲಿ ತಲೆತಲಾಂತರ ವ್ಯಾಪಾರ ಮಾಡಿದವರು ಪೆಟ್ಟಿಗೆ ಕಟ್ಟಿಕೊಂಡು ನವನಗರಕ್ಕೆ ಹೋದರು. ಮುಳುಗಿದ್ದು ಗುಮ್ಮಟವಲ್ಲ, ಬರಿಯ ಅಂಗಡಿಸಾಲು. ಆದ್ದರಿಂದ ಇತಿಹಾಸ ಮುಳುಗಿತೆಂದು ನಾವು ಪ್ರಾಧ್ಯಾಪಕರು ಕೂಡ ಗಟ್ಟಿಯಾಗಿ ಹೇಳಲಿಲ್ಲ.

ಮಧ್ಯಾಹ್ನ ವಿದ್ಯಾರ್ಥಿ ನನ್ನನ್ನು ಚಾಂಪಿಯನ್ ರೀಫ್ಸಿನ ಲೈನ್ ಮನೆಗಳಿಗೆ ಕರೆದೊಯ್ದರು. ಕಾರ್ಮಿಕರ ಸಾಲುಮನೆಗಳಿಗೆ ಇಲ್ಲಿ ಲೈನು ಎನ್ನುತ್ತಾರೆ. ಮೊದಲು ಇವು ಬಿದಿರಿನ ತಟ್ಟಿಯ ಗುಡಿಸಲುಗಳಾಗಿದ್ದವು; ಬರಬರುತ್ತ ಗೋಡೆ, ಶೀಟು ಬಂದವು. ಒಂದು ಕೋಣೆ, ಅದಕ್ಕೊಂದು ಮುಂಚಾವಡಿ. ಉತ್ತರ ಆರ್ಕಾಟು, ಸೇಲಂ ಕಡೆಗಳಿಂದ ಬಂದ ಬಡವರು, ಅವರಲ್ಲಿ ಬಹುಪಾಲು ದಲಿತರು, ಊರಿನ ಜೀತಕ್ಕಿಂತ ಪಾತಾಳದ ಕತ್ತಲೆ ಮೇಲೆಂದು ಇಲ್ಲಿಗೆ ಬಂದವರು. ಬೆವರು ಅವರದು, ನುರಿತ ಕೆಲಸದ ಮೇಲ್ವಿಚಾರಣೆ ಇಂಗ್ಲೆಂಡಿನ ಕಾರ್ನ್‌ವಾಲಿನವರದು, ಇಟಲಿಯವರದು. ಆಳಕ್ಕಿಳಿದಷ್ಟೂ ಬಂಡೆ ಕೈಸುಡುವಷ್ಟು ಬಿಸಿ. ಮೇಲಿನ ಭಾರಕ್ಕೆ ಬಂಡೆ ಒಮ್ಮೊಮ್ಮೆ ಒಳಗೇ ಸಿಡಿಯುತ್ತಿತ್ತು. ಆ ಸಿಡಿತಕ್ಕೆ ಮೇಲಿನ ಮನೆಗಳ ಪಾತ್ರೆಗಳೂ ಉರುಳುತ್ತಿದ್ದವು. ಕಲ್ಲಿನ ದೂಳು ಬೇರೆ. 1940ರಿಂದ 1946ರ ನಡುವೆ ನಡೆದ ವೈದ್ಯಕೀಯ ಸಮೀಕ್ಷೆಯಲ್ಲಿ ಪರೀಕ್ಷಿಸಿದ 7,653 ಕಾರ್ಮಿಕರಲ್ಲಿ 3,402 ಜನರಿಗೆ ಪುಪ್ಪುಸದಲ್ಲಿ ದೂಳು ಗಟ್ಟಿಯಾಗುವ ಸಿಲಿಕೋಸಿಸ್ ಇತ್ತು.

ಗಣಿಗೆ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿಯೆಳೆದು ವಿದ್ಯುತ್ತು ತಂದದ್ದು 1902ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರರು ಆರಂಭಿಸಿದ ಕೆಲಸ. ಅವರು ಅದನ್ನು ಕಣ್ಣಾರೆ ಕಾಣಲಿಲ್ಲ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ನಮ್ಮ ಪಠ್ಯಪುಸ್ತಕಗಳಲ್ಲಿ ಇದನ್ನು ಹೆಮ್ಮೆಯಿಂದ ಬರೆದಿದ್ದೇವೆ. 1965ರಲ್ಲಿ ಇದೇ ಗಣಿಯ ಎರಡು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ ವಿಜ್ಞಾನಿಗಳು, ವಾತಾವರಣದಲ್ಲಿ ಹುಟ್ಟಿ ಭೂಮಿಯನ್ನೇ ತೂರಿಹೋಗುವ ನ್ಯೂಟ್ರಿನೊ ಕಣದ ಗುರುತನ್ನು ಹಿಡಿದದ್ದನ್ನೂ ಬರೆದಿದ್ದೇವೆ. 1930ರಲ್ಲಿ ತಮ್ಮ ಬೆರಳಚ್ಚು ತೆಗೆದುಕೊಳ್ಳುವ ಹೊಸ ನೋಂದಣಿ ಬೇಡವೆಂದು ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದ್ದನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಯಾವ ಪುಸ್ತಕದಲ್ಲಿಯೂ ಓದಲಿಲ್ಲ. ಅಪರಾಧಿಗಳಿಗೆ ಮಾಡುವುದನ್ನು ನಮಗೇಕೆ ಮಾಡುತ್ತೀರಿ ಎಂಬುದು ಅವರ ವಾದವಾಗಿತ್ತು.

ನಾವು ಹೋದ ಮನೆಯ ಹಿರಿಯರಿಗೆ ಎಪ್ಪತ್ತು ದಾಟಿದೆ. ಮೂವತ್ತು ವರ್ಷ ಭೂಮಿಯೊಳಗೆ ದುಡಿದವರು; ತಂದೆಯೂ ಅಜ್ಜನೂ ಅಲ್ಲಿಯೇ ದುಡಿದವರು. ಎರಡು ವಾಕ್ಯ ಮಾತಾಡಿ ಒಮ್ಮೆ ಕೆಮ್ಮುತ್ತಿದ್ದರು. ವಿದ್ಯಾರ್ಥಿ ನನ್ನ ಪರಿಚಯ ಹೇಳಿ, ಸಾಹೇಬರು ಇತಿಹಾಸ ಬರೆಯುತ್ತಾರೆ ಎಂದು ಕೊಂಚ ಹೆಚ್ಚಾಗಿಯೇ ಹೇಳಿದರು. ಮುದುಕರು ಒಳಗೆ ಹೋಗಿ ಹಿತ್ತಾಳೆಯ ಬಿಲ್ಲೆಯೊಂದನ್ನು ತಂದರು. ಪಂಜರದಂತಹ ಲಿಫ್ಟಿನಲ್ಲಿ ಕೆಳಗಿಳಿಯುವ ಮುನ್ನ ಬಿಲ್ಲೆ ಪಡೆಯಬೇಕು. ಮೇಲೆ ಬಂದಾಗ ಹಿಂದೆ ಕೊಡಬೇಕು. ಪಾಳಿ ಮುಗಿದ ಮೇಲೆ ಯಾವ ಸಂಖ್ಯೆಯ ಮೊಳೆ ಖಾಲಿಯಿದೆಯೋ ಆ ಸಂಖ್ಯೆಯವನು ಇನ್ನೂ ಕೆಳಗಿದ್ದಾನೆಂದು ಲೆಕ್ಕ. "ಹೆಸರು ಯಾರೂ ಕರೀತಿರಲಿಲ್ಲ ಸ್ವಾಮಿ. ನಂಬರೇ" ಎಂದರು. ಕೊನೆಯ ದಿನ ಅವರು ಬಿಲ್ಲೆಯನ್ನು ಹಿಂದೆ ಕೊಡಲಿಲ್ಲ, ಕೇಳುವವರೂ ಇರಲಿಲ್ಲವಂತೆ. ಕೈಗೆ ಕೊಟ್ಟರು. ಸವೆದು ಅಂಚು ನುಣುಪಾಗಿತ್ತು.

ಆ ಬಿಲ್ಲೆ ನನ್ನ ಕೈಯಲ್ಲಿ ಹೊಸದೆನಿಸಲಿಲ್ಲ. ನಮ್ಮ ಸೋದರಮಾವ ಬರಗಾಲವೊಂದರಲ್ಲಿ ಹೊನವಾಡ ಬಿಟ್ಟು ಸೊಲ್ಲಾಪುರದ ಗಿರಣಿ ಸೇರಿದವರು. ಅವರ ಟ್ರಂಕಿನಲ್ಲಿಯೂ ಇಂಥದೇ ಒಂದು ಹಿತ್ತಾಳೆಯ ಬಿಲ್ಲೆಯಿತ್ತು. ಹುಡುಗನಾಗಿದ್ದಾಗ ಅದನ್ನು ನಾನು ಬುಗುರಿಯಂತೆ ತಿರುಗಿಸಿ ಆಡಿದ್ದೆ. ಅವರಿಗೆ ಅದು ಏನೆಂದು ಒಮ್ಮೆಯೂ ಕೇಳಿರಲಿಲ್ಲ.

ವಿದ್ಯಾರ್ಥಿ ಉತ್ಸಾಹಿ. ಈ ಊರನ್ನು ಪಾರಂಪರಿಕ ಪಟ್ಟಣವೆಂದು ಘೋಷಿಸಬೇಕು, ಹಳೆಯ ಪೇಟೆಯಲ್ಲಿ ನಡೆದಾಡುವ ದಾರಿಯೊಂದನ್ನು ಗುರುತಿಸಬೇಕು, ಗಣಿಬಾಯಿಯ ಮೇಲಿನ ಕಬ್ಬಿಣದ ಗೋಪುರಗಳನ್ನು ಉಳಿಸಬೇಕು ಎಂದು ಮುದುಕರ ಮುಂದೆ ತಮ್ಮ ಯೋಜನೆಯನ್ನು ವಿವರಿಸಿದರು. ಒಳಗಿನಿಂದ ಸೊಸೆ ಹೊರಗೆ ಬಂದು ಕೇಳಿದಳು: "ಹಂಗೆ ಮಾಡಿದ್ರೆ ನಮ್ಮನ್ನ ಎಲ್ಲಿಗೆ ಕಳಿಸ್ತಾರೆ ಸಾರ್? ಮನೆ ನಮ್ಮ ಹೆಸರಿಗೆ ಆಗುತ್ತಾ?" ಇಬ್ಬರೂ ಉತ್ತರ ಹೇಳಲಿಲ್ಲ.

ಪ್ರಪಂಚದ ಬೇರೆಡೆ ಗಣಿಯ ಪಟ್ಟಣಗಳನ್ನು ಕಾಯ್ದಿಟ್ಟಿದ್ದಾರೆ. ಬ್ರೆಜಿಲ್ ದೇಶದ ಊರೊ ಪ್ರೇತೊ ಎಂಬ ಚಿನ್ನದ ಊರನ್ನು ಅಲ್ಲಿಯ ಸರಕಾರ 1933ರಲ್ಲಿಯೇ ರಾಷ್ಟ್ರೀಯ ಸ್ಮಾರಕವೆಂದು ಸಾರಿತು. 1980ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಚಿನ್ನದ ಹೊಳಪಿನ ಚರ್ಚುಗಳಿಗೆ ಆ ಊರು ಪ್ರಸಿದ್ಧ. ಅಗೆದವರು ಆಫ್ರಿಕದಿಂದ ತಂದ ಗುಲಾಮರು. ನಮಗೆ ಹತ್ತಿರದ ಉದಾಹರಣೆಯೆಂದರೆ, ದೂರವಾದರೂ, ಕಾರ್ನ್‌ವಾಲಿನದು. ಕೆ.ಜಿ.ಎಫ್.ಗೆ ಮೇಲ್ವಿಚಾರಕರನ್ನು ಕಳಿಸಿದ ತವರ, ತಾಮ್ರದ ಗಣಿನಾಡು ಅದು. 2006ರಲ್ಲಿ ಅದೂ ವಿಶ್ವಪರಂಪರೆಯ ಪಟ್ಟಿ ಸೇರಿತು. ಗಣಿಯ ಯಂತ್ರದ ಮನೆಗಳಷ್ಟೇ ಅಲ್ಲ, ರೆಡ್ರೂತ್ ಮುಂತಾದ ಗಣಿಪಟ್ಟಣಗಳ ಬೀದಿ, ಕಾರ್ಮಿಕರ ಮನೆ, ಅವರು ಕಟ್ಟಿಕೊಂಡ ಪ್ರಾರ್ಥನಾ ಮಂದಿರ ಎಲ್ಲವೂ ಅದರಲ್ಲಿವೆ. ಅಲ್ಲಿಂದ ಜಗತ್ತಿನಾದ್ಯಂತ ಹರಡಿದ ಗಣಿಯ ಕೌಶಲವೂ ಆ ಗೌರವಕ್ಕೆ ಒಂದು ಕಾರಣ. ಆ ಕೌಶಲದ ಒಂದು ಕೊನೆ ಅಲ್ಲಿ ಫಲಕದ ಕೆಳಗಿದೆ. ಇನ್ನೊಂದು ಕೊನೆ ಚಾಂಪಿಯನ್ ರೀಫ್ಸಿನ ಶೀಟಿನ ಮಾಡಿನ ಕೆಳಗೆ ಕೆಮ್ಮುತ್ತಿದೆ. ನಮ್ಮಲ್ಲಿ ಅಂಥದೊಂದು ಪಟ್ಟಿ ಬರೆಯುವವರು ಬಂಗಲೆ, ಕ್ಲಬ್ಬು, ಗೋಪುರಗಳನ್ನು ಮೊದಲು ಬರೆಯುತ್ತಾರೆಂಬ ಭಯ ನನಗಿದೆ. ಬೆಳಿಗ್ಗೆ ನಾನು ಮಾಡಿದ್ದೂ ಅದನ್ನೇ ಅಲ್ಲವೆ?

ಇಲ್ಲಿ ಕನ್ನಡದ ಮಾತನ್ನೂ ಎತ್ತಬೇಕು. ಕೋಲಾರವನ್ನು ನಾವು ಚಿನ್ನದ ನಾಡೆಂದು ಹಾಡಿ ಹೊಗಳುತ್ತೇವೆ. ಡಿ.ವಿ.ಜಿ. ಮತ್ತು ಮಾಸ್ತಿಯವರ ಜಿಲ್ಲೆ ಅದು. ಟಿ.ಪಿ. ಕೈಲಾಸಂ ಅವರು ಲಂಡನ್ನಿನಲ್ಲಿ ಭೂವಿಜ್ಞಾನ ಕಲಿತು ಬಂದು ಸರಕಾರದ ಕೆಲಸದಲ್ಲಿ ಈ ಗಣಿಯ ಸೀಮೆಯಲ್ಲಿಯೂ ಇದ್ದವರು; ಆದರೆ ಅವರ ಹೆಸರಾದ ನಾಟಕಗಳು ನಡೆದದ್ದು ಬೆಂಗಳೂರಿನ ಮನೆಗಳ ಹಜಾರದಲ್ಲಿ. ತಪ್ಪು ಹುಡುಕುವುದಕ್ಕೆ ಈ ಮಾತನ್ನು ಹೇಳುತ್ತಿಲ್ಲ. ಮೂವತ್ತು ವರ್ಷ ಕೈಲಾಸಂ ಅವರನ್ನು ಪಾಠ ಹೇಳಿದ ನನಗೂ ಈ ಊರಿನ ನೆನಪು ಬಂದಿರಲಿಲ್ಲ. ಇಲ್ಲಿಯ ಜನ ತಮಿಳು ಆಡುತ್ತಾರೆ, ಆದ್ದರಿಂದ ಇವರ ಕಥೆ ನಮ್ಮದಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳದೆಯೇ ಎಲ್ಲರೂ ಹಾಗೆ ನಡೆದುಕೊಂಡೆವು. ಅವರಾದರೋ ಬರೆಯದೆ ಕೂರಲಿಲ್ಲ. ಅಯೋತಿ ದಾಸರ ಪ್ರಭಾವದಿಂದ ಮಾರಿಕುಪ್ಪಂ, ಚಾಂಪಿಯನ್ ರೀಫ್ಸುಗಳಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಬೌದ್ಧ ಸಂಘಗಳನ್ನು ಕಟ್ಟಿದರು. 'ತಮಿಳನ್' ಎಂಬ ಅವರ ಪತ್ರಿಕೆ 1926ರಲ್ಲಿ ಈ ಊರಿನಿಂದಲೇ ಮತ್ತೆ ಹೊರಟಿತು. ಪಾತಾಳದಲ್ಲಿ ಪಾಳಿ ಮುಗಿಸಿ ಬಂದವರು ದೀಪದ ಕೆಳಗೆ ಕೂತು ಪತ್ರಿಕೆ ಓದಿಸಿ ಕೇಳಿದ ಊರಿದು. ಕರ್ನಾಟಕದ ನೆಲದಲ್ಲಿ ನಡೆದ ಈ ಓದುಬರಹವನ್ನು ನಮ್ಮ ಸಾಹಿತ್ಯಚರಿತ್ರೆಯ ಯಾವ ಅಧ್ಯಾಯದಲ್ಲಿ ಸೇರಿಸುವುದೆಂದು ನಾನು ದಾರಿಯುದ್ದಕ್ಕೂ ಯೋಚಿಸಿದೆ.

ಸಂಜೆ ಮತ್ತೆ ರಾಬರ್ಟ್‌ಸನ್‌ಪೇಟೆಗೆ ಬಂದೆವು. ಬೀದಿ ಬೆಳಗಿನಂತಿರಲಿಲ್ಲ. ಬೆಂಗಳೂರಿನ ಗಾಡಿಗಳು ಬರತೊಡಗಿದ್ದವು. ಬೆನ್ನಿಗೆ ಚೀಲ, ಕೊರಳಿಗೆ ಕಂಪನಿಯ ಗುರುತಿನ ಚೀಟಿ ಹಾಕಿಕೊಂಡ ಹುಡುಗ ಹುಡುಗಿಯರು ತರಕಾರಿ, ಹೂವು, ಮಾತ್ರೆ ಕೊಳ್ಳುತ್ತಿದ್ದರು. ಸೈರನ್ನಿನ ಬದಲು ರೈಲಿನ ಸಿಳ್ಳು, ಹೊತ್ತು ಅದೇ. ಬಟ್ಟೆಯಂಗಡಿಯವರು ದೂರದಿಂದಲೇ ಕೈಮುಗಿದು ಗಿರಾಕಿಯ ಕಡೆ ತಿರುಗಿದರು. ಅವರ ಅಂಗಡಿಯ ಮರದ ಕಟಕಟೆಗೆ ಎರಡು ಕಡೆ ಹೊಸ ತುಂಡು ಹಾಕಿ ಮೊಳೆ ಹೊಡೆದಿದ್ದರು. ಯಾವ ಇಲಾಖೆಯೂ ಹೇಳಿ ಮಾಡಿಸಿದ್ದಲ್ಲ. ಮಳೆಯ ನೀರು ಸೋರಬಾರದೆಂದು ಅವರೇ ಮಾಡಿಸಿದ್ದು. ಈ ಪೇಟೆ ನೂರಿಪ್ಪತ್ತು ವರ್ಷ ಉಳಿದು ಬಂದ ಬಗೆ ಇದೇ ಇರಬೇಕು. ವಿದ್ಯಾರ್ಥಿಗೆ ಅದನ್ನೇ ಹೇಳಿದೆ: ನಿಮ್ಮ ಪಟ್ಟಿಯಲ್ಲಿ ಆ ಸಾಲದ ಪುಸ್ತಕವನ್ನು ಬರೆದುಕೊಳ್ಳಿ, ಲೈನಿನವರ ಹೆಸರನ್ನು ಬರೆದುಕೊಳ್ಳಿ, ಬಂಗಲೆ ಆಮೇಲೆ. ಅವರು ಒಪ್ಪಿದರೋ ಗುರುಗಳ ಮಾತೆಂದು ಸುಮ್ಮನಾದರೋ ತಿಳಿಯದು. "ಮನೆ ಯಾರ ಹೆಸರಿಗೆ ಅನ್ನೋದನ್ನ ಮೊದಲು ಕೇಳಬೇಕ್ರಿ ಸರ್" ಎಂದಷ್ಟೇ ಅಂದರು. ಅದು ನನ್ನ ಮಾತಿಗಿಂತ ಒಳ್ಳೆಯ ಮಾತಾಗಿತ್ತು.

ಹೊನವಾಡಕ್ಕೆ ಮರಳಿದ ಮರುದಿನ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿದೆ. ಸೋದರಮಾವ ತೀರಿಕೊಂಡ ಮೇಲೆ ಅದು ನಮ್ಮ ಮನೆಗೆ ಬಂದಿತ್ತು. ಹಳೆಯ ಪಂಚಾಂಗ, ಒಂದು ತುಕ್ಕು ಹಿಡಿದ ಕತ್ತರಿಯ ಕೆಳಗೆ ಬಿಲ್ಲೆ ಸಿಕ್ಕಿತು. ಸಂಖ್ಯೆ 417. ದಪ್ಪ ಕಾಗದದ ಚೀಟಿಯೊಂದರ ಮೇಲೆ ಅವರ ಹೆಸರನ್ನೂ ಊರನ್ನೂ ಬರೆದು ದಾರದಿಂದ ಕಟ್ಟಿದೆ. ಗಿರಣಿಯ ಯಾವ ಖಾತೆಯಲ್ಲಿ, ಯಾವ ವರ್ಷದಿಂದ ಯಾವ ವರ್ಷದ ವರೆಗೆ ದುಡಿದರು ಎಂಬುದನ್ನೂ ಬರೆಯೋಣವೆಂದು ಮನೆಯಲ್ಲಿ ಒಬ್ಬೊಬ್ಬರನ್ನಾಗಿ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ.